ಚೀಟಿಯ ಪಾಲು

ನಾನು ಸಿರುಗುಪ್ಪದಲ್ಲಿ ಹೈಸ್ಕೂಲು ಓದುತ್ತಿದ್ದ ದಿನಗಳಲ್ಲಿ ನಮ್ಮ ಪಠ್ಯಪುಸ್ತಕಗಳಿಗೆಲ್ಲ ಒಂದೇ ಬಗೆಯ ಹೊದಿಕೆ: 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆ. ಅದರ ಮೇಲೆ ಕಣ್ಣಿಗೆಟಕುವವರೆಗೂ ಗೋಧಿಯ ಹೊಲ, ನಗುಮುಖದ ರೈತ ಹೆಂಗಸರು. ಬಳ್ಳಾರಿಗೆ ಹೋದಾಗ ನವಕರ್ನಾಟಕದವರಲ್ಲಿ ಮಾಸ್ಕೋದಲ್ಲಿಯೇ ಅಚ್ಚಾದ ಕನ್ನಡ ಪುಸ್ತಕಗಳನ್ನು ಎರಡು ಮೂರು ರೂಪಾಯಿಗೆ ಕೊಂಡು ತರುತ್ತಿದ್ದೆ. ಆ ದೇಶದಲ್ಲಿ ಗಣಿ, ಕಾರ್ಖಾನೆ, ಹೊಲ ಎಲ್ಲವೂ ಎಲ್ಲರದು ಎಂದು ಅವು ಹೇಳುತ್ತಿದ್ದವು. ನಾನು ನಂಬಿದ್ದೆ. ನಂಬಿದ್ದಕ್ಕೆ ಈಗಲೂ ನನಗೆ ನಾಚಿಕೆಯಿಲ್ಲ.

1991ರ ಡಿಸೆಂಬರಿನಲ್ಲಿ ಆ ರಾಷ್ಟ್ರವೇ ಇಲ್ಲವಾಯಿತು. ಎಲ್ಲರದು ಎಂದಿದ್ದ ಸೊತ್ತು ಈಗ ಯಾರದು ಎಂಬ ಪ್ರಶ್ನೆ ಉಳಿಯಿತು. ರಷ್ಯದ ಹೊಸ ಸರ್ಕಾರ 1992ರ ಜನವರಿ 2ರಂದು ಬೆಲೆಗಳ ಮೇಲಿನ ಹತೋಟಿಯನ್ನು ತೆಗೆದುಹಾಕಿತು. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 25 ಪಟ್ಟು ಏರಿ, ಮುದುಕರು ಬ್ಯಾಂಕಿನಲ್ಲಿಟ್ಟಿದ್ದ ಜೀವಮಾನದ ಉಳಿತಾಯ ಕರಗಿಹೋಯಿತು. ಅದೇ ಅಕ್ಟೋಬರಿನಲ್ಲಿ ಪ್ರತಿಯೊಬ್ಬ ಪ್ರಜೆಗೂ, ಹಸುಗೂಸಿಗೂ ಸಹ, 10,000 ರೂಬಲ್ ಮುಖಬೆಲೆಯ ಒಂದೊಂದು ಚೀಟಿಯನ್ನು ಹಂಚತೊಡಗಿದರು. ಕಾರ್ಖಾನೆಗಳ ಷೇರನ್ನು ಅದರಿಂದ ಪಡೆಯಬಹುದಾಗಿತ್ತು. ಒಂದು ಚೀಟಿಯ ಬೆಲೆ ಎರಡು ವೋಲ್ಗಾ ಕಾರುಗಳಿಗೆ ಸಮನಾಗುವುದೆಂದು ಯೋಜನೆಯ ಮುಖ್ಯಸ್ಥ ಚುಬೈಸ್ ಭರವಸೆಯಿತ್ತಿದ್ದರು. ಸಂಬಳ ಕಾಣದ ಎಷ್ಟೋ ಮಂದಿ ಅದನ್ನು ಕೆಲವು ಸೀಸೆ ವೋಡ್ಕಾದ ಬೆಲೆಗೆ ಮಾರಿಕೊಂಡರು. 1995ರಲ್ಲಿ ಸರ್ಕಾರವು ತಾನು ಪಡೆದ ಸಾಲಕ್ಕೆ ದೊಡ್ಡ ದೊಡ್ಡ ಉದ್ಯಮಗಳ ಷೇರುಗಳನ್ನೇ ಒತ್ತೆಯಿಟ್ಟಿತು, ಬಿಡಿಸಿಕೊಳ್ಳಲಿಲ್ಲ. ನೊರಿಲ್ಸ್ಕ್ ಎಂಬಲ್ಲಿಯ ನಿಕಲ್ ಗಣಿ ಹೀಗೆಯೇ ಕೈಬದಲಾಯಿತು. ಗಂಡಸರ ಸರಾಸರಿ ಆಯುಸ್ಸು 1990ರಲ್ಲಿ ಸುಮಾರು 64 ವರ್ಷವಿದ್ದದ್ದು 1994ರ ಹೊತ್ತಿಗೆ 58ಕ್ಕಿಂತಲೂ ಕೆಳಗಿಳಿಯಿತು. ಯುದ್ಧವಿಲ್ಲದ ಕಾಲದಲ್ಲಿ ಇಂಥದು ಅಪರೂಪ.

ಈ ಚೀಟಿಯ ಕಥೆಯನ್ನು ಕುರುಗೋಡಿನಲ್ಲಿರುವ ನನ್ನ ಸೋದರಮಾವನಿಗೆ ಹೇಳಿದೆ. ಮಾವ ಮೆಣಸಿನಕಾಯಿ ಬೆಳೆಯುವವರು.

"ನಿಮಗೂ ಅಂಥ ಚೀಟಿ ಕೊಟ್ಟಿದ್ದರೆ ಏನು ಮಾಡ್ತಿದ್ರಿ, ಮಾವ?"

"ರೇಟು ಬಿದ್ದ ವರ್ಷ ಮಾರಿಬಿಡ್ತಿದ್ದೆ. ಗೊಬ್ಬರದ ಅಂಗಡಿಯವನು ಚೀಟಿ ನೋಡಿ ಸಾಲ ಬಿಡ್ತಾನೇನಪ್ಪಾ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಗುಡ್ಡದ ಅದಿರು ಹೋತಲ್ಲ, ಅದಕ್ಕೆ ಚೀಟಿನಾದರೂ ಎಲ್ಲಿ ಕೊಟ್ರು?" ಎಂದು ಕೇಳಿದರು.

ಅಷ್ಟು ದೂರ ನಾನು ಯೋಚಿಸಿರಲಿಲ್ಲ. ನಮ್ಮಲ್ಲಿ ಕಮ್ಯುನಿಸಂ ಇರಲಿಲ್ಲ, ನಿಜ. ಆದರೆ ಕಬ್ಬಿಣದ ಅದಿರು ಬಹುಮಟ್ಟಿಗೆ ಸರ್ಕಾರಿ ರಂಗಕ್ಕೆ ಮೀಸಲಾಗಿತ್ತು. 1993ರ ರಾಷ್ಟ್ರೀಯ ಖನಿಜ ನೀತಿ ಆ ಬಾಗಿಲನ್ನು ಖಾಸಗಿಯವರಿಗೆ ತೆರೆಯಿತು. ಮುಂದೆ, ಕಮ್ಯುನಿಸ್ಟ್ ಎಂಬ ಹೆಸರನ್ನು ಬಿಡದೆಯೇ ಮಾರುಕಟ್ಟೆಯನ್ನು ಹಿಡಿದ ಚೀನಾ ದೇಶದ ಉಕ್ಕಿನ ಹಸಿವು ಸಂಡೂರಿನ ಗುಡ್ಡಗಳವರೆಗೆ ಬಂದು ಮುಟ್ಟಿತು. ಬಳ್ಳಾರಿಯ ರಸ್ತೆಗಳಲ್ಲಿ ಹಗಲಿರುಳೂ ಲಾರಿಗಳ ಸಾಲು, ಬೇವಿನ ಎಲೆಯ ಮೇಲೂ ಕೆಂಪು ಧೂಳು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 31ರಂದು ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. ರಷ್ಯದ ಗಣಿಗಳ ವಿಷಯದಲ್ಲಿ ಇಂಥ ತಡೆ ಬರಲಿಲ್ಲ. ಈ ವ್ಯತ್ಯಾಸವನ್ನು ಹಗುರವೆಂದು ನಾನು ಭಾವಿಸುವುದಿಲ್ಲ. ಆದರೆ ನಿಂತ ಲಾರಿಗಳ ಜೊತೆಗೆ ಚಾಲಕರ, ಕ್ಲೀನರುಗಳ, ಹಮಾಲರ ಅನ್ನವೂ ನಿಂತಿತು. ಸಾಲ ಮಾಡಿ ಒಂದೊಂದು ಲಾರಿ ಕೊಂಡಿದ್ದವರ ಪಾಡನ್ನು ಯಾವ ವರದಿಯೂ ಕೂಲಂಕಷವಾಗಿ ಬರೆದಂತೆ ನನಗೆ ಕಂಡಿಲ್ಲ.

ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ನ್ಯಾಯಾಲಯದ ಆದೇಶದಂತೆ ಕೂಡಿಸಿದ ಹಣ ಸಾವಿರಾರು ಕೋಟಿಯಾಗಿದೆ ಎಂದು ಮಾವನಿಗೆ ಹೇಳಿದೆ. "ಅದರಾಗ ನಮ್ಮ ಊರಿನ ಪಾಲೆಷ್ಟು?" ಎಂದರು. ಉತ್ತರ ನನ್ನ ಬಳಿ ಇರಲಿಲ್ಲ. ಮಾಹಿತಿ ಹಕ್ಕಿನ ಕಾಯಿದೆಯಡಿ ಒಂದು ಅರ್ಜಿಯನ್ನು ಬರೆದಿಟ್ಟಿದ್ದೇನೆ. ನಾಳೆ ಅಂಚೆಗೆ ಹಾಕಬೇಕು.