ಕವಿಯ ಹೆಸರಿನಲ್ಲಿ ಒಂದು ಊಟ



ಪ್ರತಿ ವರ್ಷ ಜನವರಿ 25ರ ರಾತ್ರಿ ಪ್ರಪಂಚದ ಅನೇಕ ಊರುಗಳಲ್ಲಿ ಒಂದು ವಿಚಿತ್ರ ಮೆರವಣಿಗೆ ನಡೆಯುತ್ತದೆ. ಮುಂದೆ ಬ್ಯಾಗ್‌ಪೈಪ್ ನುಡಿಸುವವನು, ಹಿಂದೆ ತಟ್ಟೆ ಹಿಡಿದ ಅಡಿಗೆಯವನು. ತಟ್ಟೆಯಲ್ಲಿ ಹಬೆಯಾಡುವ ಒಂದು ಗುಂಡನೆಯ ಗಂಟು. ಊಟಕ್ಕೆ ಬಂದವರೆಲ್ಲ ಎದ್ದು ನಿಂತು ಅದನ್ನು ಸ್ವಾಗತಿಸುತ್ತಾರೆ. ಒಬ್ಬರು ಅದರ ಎದುರು ನಿಂತು ಕವಿತೆ ಓದುತ್ತಾರೆ, ಓದುತ್ತಲೇ ಚಾಕುವಿನಿಂದ ಅದನ್ನು ಸೀಳುತ್ತಾರೆ. ಇದೇ ಸ್ಕಾಟ್ಲೆಂಡಿನವರ ‘ಬರ್ನ್ಸ್ ಸಪ್ಪರ್’.

ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರಲ್ಲಿ, ಅಲೋವೆ ಎಂಬ ಹಳ್ಳಿಯ ಬಡ ರೈತನ ಮನೆಯಲ್ಲಿ. ಓದಿದವರೆಲ್ಲ ಇಂಗ್ಲಿಷನ್ನೇ ಗೌರವದ ಭಾಷೆಯೆಂದು ತಿಳಿದಿದ್ದ ಕಾಲದಲ್ಲಿ ಅವನು ತನ್ನ ಊರಿನ ಉಳುವವರ ಸ್ಕಾಟ್ಸ್ ನುಡಿಯಲ್ಲಿ ಹಾಡು ಕಟ್ಟಿದ. 1786ರಲ್ಲಿ ಅವನ ಮೊದಲ ಪುಸ್ತಕದ 612 ಪ್ರತಿಗಳು ಅಚ್ಚಾದವು. ಅವು ಬೇಗನೆ ಮುಗಿದುಹೋದವು. 1796ರಲ್ಲಿ, ಕೇವಲ 37ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಐದು ವರ್ಷಗಳ ಮೇಲೆ, 1801ರ ಜುಲೈನಲ್ಲಿ, ಒಂಬತ್ತು ಮಂದಿ ಮಿತ್ರರು ಅವನು ಹುಟ್ಟಿದ ಮನೆಯಲ್ಲೇ ಸೇರಿ ಊಟ ಮಾಡಿ ಅವನನ್ನು ನೆನೆದರು. ಈ ಪದ್ಧತಿಯ ಮೊದಲು ಅದು. ಅದು ಅವನು ಸತ್ತ ದಿನದ ನೆನಪು. ಹುಟ್ಟಿದ ದಿನಕ್ಕೆ ಆಚರಣೆ ಬದಲಾದದ್ದು ಅನಂತರ.

ಇನ್ನು ಆ ಗಂಟಿನ ವಿಷಯ. ಅದರ ಹೆಸರು ಹ್ಯಾಗಿಸ್. ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಈರುಳ್ಳಿ, ಕೊಬ್ಬು, ಮೆಣಸು ಬೆರೆಸಿ, ಕುರಿಯ ಜಠರದಲ್ಲೇ ತುಂಬಿ ಬೇಯಿಸುತ್ತಾರೆ. ಮುಖ ಸಿಂಡರಿಸಬೇಡಿ! ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಬಡವರ ಜಾಣತನವಿದೆ. ಕಡಿದ ಪ್ರಾಣಿಯಲ್ಲಿ ಬೇಗ ಕೆಡುವುದು ಈ ಒಳ ಅಂಗಗಳೇ. ಅವನ್ನು ಕೂಡಲೇ ಬೇಯಿಸಬೇಕು. ಓಟ್ಸ್ ಕೊಬ್ಬನ್ನೂ ರಸವನ್ನೂ ಹೀರಿ ಹೊಟ್ಟೆ ತುಂಬಿಸುತ್ತದೆ. ಜಠರವೇ ಪಾತ್ರೆಯಾಗುತ್ತದೆ. ಯಾವುದೂ ವ್ಯರ್ಥವಾಗುವುದಿಲ್ಲ. ಬರ್ನ್ಸ್ ಈ ಬಡವರ ತಿಂಡಿಯನ್ನು ಶ್ರೀಮಂತರ ಭಕ್ಷ್ಯಗಳಿಗಿಂತ ಮೇಲೆಂದು ಹೊಗಳಿ ಕವಿತೆ ಬರೆದ. ಊಟದಲ್ಲಿ ಓದುವುದು ಅದನ್ನೇ.

ಈಗ ಯೋಚಿಸಿ. ಈ ಊಟವನ್ನು ಹಡಗು ಹತ್ತಿಸಿ ಇನ್ನೊಂದು ದೇಶಕ್ಕೆ ಒಯ್ದರೆ ಏನಾಗುತ್ತದೆ?

1848ರಲ್ಲಿ ಎರಡು ಹಡಗುಗಳಲ್ಲಿ ಬಂದಿಳಿದ ಸ್ಕಾಟ್ ವಲಸಿಗರು ನ್ಯೂಜಿಲೆಂಡಿನ ದಕ್ಷಿಣದಲ್ಲಿ ಡ್ಯುನಿಡಿನ್ ಊರನ್ನು ಕಟ್ಟಿದರು. ಎಡಿನ್‌ಬರೋ ನಗರದ ಗೇಲಿಕ್ ಹೆಸರೇ ಈ ಊರಿಗೆ ಬಂತು. ಅವರ ಧರ್ಮಗುರು ಥಾಮಸ್ ಬರ್ನ್ಸ್, ಕವಿಯ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ. 1887ರಲ್ಲಿ ಊರಿನ ನಡುವೆ ಕವಿಯ ಪ್ರತಿಮೆ ನಿಂತಿತು. ಆದರೆ ಒಂದು ತೊಡಕು: ಅಲೋವೆಯಲ್ಲಿ ಜನವರಿ ಎಂದರೆ ನಾಲ್ಕೂವರೆಯ ಹೊತ್ತಿಗೆಲ್ಲ ಕತ್ತಲಾಗುವ ಕೊರೆಯುವ ಚಳಿ. ಡ್ಯುನಿಡಿನ್‌ನಲ್ಲಿ ಅದೇ ಜನವರಿ ನಡುಬೇಸಿಗೆ, ರಾತ್ರಿ ಒಂಬತ್ತಾದರೂ ಬೆಳಕು! ಚಳಿಗಾಲದ ಬಿಸಿಯೂಟ ಅಲ್ಲಿ ಬೇಸಿಗೆಯ ಊಟವಾಯಿತು.

ಅಮೆರಿಕದಲ್ಲಿ ತೊಡಕು ಬೇರೆ ತರಹದ್ದು. 1971ರಿಂದ ಅಲ್ಲಿ ಸಾಕುಪ್ರಾಣಿಗಳ ಶ್ವಾಸಕೋಶವನ್ನು ಮನುಷ್ಯರ ಆಹಾರಕ್ಕೆ ಬಳಸುವಂತಿಲ್ಲ ಎಂಬ ನಿಯಮ ಬಂತು. ಅಲ್ಲಿನ ಸ್ಕಾಟ್ ಮನೆತನದವರು ಶ್ವಾಸಕೋಶವನ್ನು ಬಿಟ್ಟೇ ಹ್ಯಾಗಿಸ್ ಮಾಡಿಕೊಂಡರು. ಕೆನಡಾದ ವ್ಯಾಂಕೂವರ್‌ನಲ್ಲಿ, ಚೀನೀಯರ ಹೊಸ ವರ್ಷವೂ ಬರ್ನ್ಸ್ ಹುಟ್ಟುಹಬ್ಬವೂ ಹತ್ತಿರ ಹತ್ತಿರ ಬರುವುದನ್ನು ಕಂಡು, 1998ರಲ್ಲಿ ಎರಡನ್ನೂ ಒಂದೇ ಪಂಕ್ತಿಯಲ್ಲಿ ಬಡಿಸತೊಡಗಿದರು. ಇದೆಲ್ಲ ಹೊರಗಿನವರ ಹಾವಳಿ ಎನ್ನುವಂತಿಲ್ಲ. 1984ರಲ್ಲಿ ಎಡಿನ್‌ಬರೋದಲ್ಲೇ ಮಾಂಸವಿಲ್ಲದ ಹ್ಯಾಗಿಸ್ ತಯಾರಾಯಿತು, ಅದೂ ಒಂದು ಕವಿತಾ ಗ್ರಂಥಾಲಯದ ಪ್ರಾರಂಭೋತ್ಸವಕ್ಕಾಗಿ.

ಹಾಗಾದರೆ ಉಳಿಯಬೇಕಾದದ್ದು ಯಾವುದು? ಈ ಊಟದಲ್ಲಿ ಒಬ್ಬರು ಕವಿಯ ಬಗ್ಗೆ ಭಾಷಣ ಮಾಡಲೇಬೇಕು. ನನ್ನ ಮಟ್ಟಿಗೆ ಊಟದ ಜೀವ ಇರುವುದು ಅಲ್ಲಿ. ಆ ಭಾಷಣದಲ್ಲಿ ಹೊಗಳಿಕೆಯಷ್ಟೇ ಇದ್ದರೆ ಸಾಲದು. 1786ರಲ್ಲಿ ಬರ್ನ್ಸ್ ಕೂಡ ಊರು ಬಿಟ್ಟು ಹೊರಟಿದ್ದ. ಹೊರಟಿದ್ದು ಜಮೈಕಾಕ್ಕೆ, ಗುಲಾಮರು ದುಡಿಯುತ್ತಿದ್ದ ತೋಟದಲ್ಲಿ ನೌಕರಿಗೆ. ಪುಸ್ತಕ ಗೆದ್ದಿತು, ಅವನು ಉಳಿದುಕೊಂಡ. ಮನುಷ್ಯರೆಲ್ಲ ಸಮಾನರೆಂದು ಹಾಡಿದ ಕವಿಯ ಬದುಕಿನಲ್ಲಿ ಈ ಸಂಗತಿಯೂ ಇದೆ. ಅವನನ್ನು ಪ್ರೀತಿಸುವವರು ಇದನ್ನು ಮುಚ್ಚಿಡಬೇಕಾಗಿಲ್ಲ. ಬದಲಿಗೆ ಆ ಮೇಜಿನ ಸುತ್ತ ಕುಳಿತ ಮಕ್ಕಳಿಗೆ ಅದನ್ನೂ ಹೇಳಬೇಕು. ಶ್ವಾಸಕೋಶವನ್ನು ಬಿಟ್ಟರೂ ಹ್ಯಾಗಿಸ್ ಆದೀತು, ಸತ್ಯವನ್ನು ಬಿಟ್ಟರೆ ಸ್ಮರಣೆ ಆಗಲಾರದು.

ವಿದೇಶದ ನಮ್ಮ ಕನ್ನಡ ಕೂಟಗಳು ಯುಗಾದಿಯನ್ನು ವಾರದ ರಜೆಗೆ ಮುಂದೂಡಿ ಆಚರಿಸುವುದನ್ನು ನೀವು ಕೇಳಿರಬಹುದು. ದಿನ ತಪ್ಪಿತೆಂದು ಇಲ್ಲಿಂದ ನಗುವುದು ಸುಲಭ. ಆದರೆ ಬೇವು–ಬೆಲ್ಲವನ್ನು ಏಕೆ ಒಟ್ಟಿಗೆ ತಿನ್ನುತ್ತೇವೆ ಎಂದು ಅಲ್ಲಿನ ಮಗು ಕೇಳಿದಾಗ ಅಜ್ಜಿಯೊಬ್ಬರು ಕನ್ನಡದಲ್ಲಿ ಉತ್ತರ ಹೇಳಿದರೆ, ಹಬ್ಬ ಆಯಿತೆಂದೇ ಲೆಕ್ಕ.

ನಾಳೆ ನಿಮ್ಮಲ್ಲೂ ಹಲವರು ಓದಿಗೋ ಕೆಲಸಕ್ಕೋ ಊರು ಬಿಡುವವರೇ. ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಇಡಲು ಮನೆಯವರು ಮರೆಯುವುದಿಲ್ಲ. ಅದರ ಜೊತೆಗೆ ನಿಮ್ಮ ಊರಿನ ಒಂದು ಹಾಡನ್ನು, ಅದರ ಅರ್ಥವನ್ನು, ಅದನ್ನು ಕಟ್ಟಿದವರ ಕಥೆಯನ್ನು ಈಗಲೇ ಕೇಳಿ ತಿಳಿದಿಟ್ಟುಕೊಳ್ಳಿ. ಪಕ್ಕದಲ್ಲಿ ಕುಳಿತ ಪರದೇಶದವರು ಕೇಳಿದಾಗ ಬೇಕಾಗುತ್ತದೆ.