ಮೊಬೈಲ್ ಕಸಿಯುವ ಮೊದಲು

(ಕಮಲಾಪುರದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



2020ರಲ್ಲಿ ಕೊರೊನಾ ಬಂದು ಕಾಲೇಜುಗಳು ಮುಚ್ಚಿದಾಗ ನಿಮ್ಮಲ್ಲಿ ಅನೇಕರು ಸಂಘದಿಂದ ಸಾಲ ತೆಗೆದು ಮಕ್ಕಳಿಗೆ ಮೊಬೈಲ್ ಕೊಡಿಸಿದ್ರಿ. ಪಾಠ ಅದರಲ್ಲೇ ಬರುತ್ತಿತ್ತು, ಬೇರೆ ದಾರಿ ಇರಲಿಲ್ಲ. ಸಾಲ ತೀರಿತು. ಈಗ ಅದೇ ತಾಯಂದಿರು ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಸಿಸ್ಟರ್, ಹುಡುಗಿ ರಾತ್ರಿಯೆಲ್ಲಾ ಮೊಬೈಲ್ ಹಿಡ್ಕೊಂಡೇ ಇರ್ತಾಳ್ರಿ, ಏನ್ ಮಾಡ್ಲಿ?" ಅಂತ ಕೇಳುತ್ತಾರೆ.

ಒಂದು ಮನೆಯ ಸಂಗತಿ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಊರು-ಹೆಸರು ಬೇಡ. ಮಗಳು ಓದುವುದು ಕಲಬುರಗಿಯಲ್ಲಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ, ಅದೊಂದು ಪುಣ್ಯ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋದರೆ ಬರುವುದು ಸಂಜೆಗೆ. ಊಟವಾದ ಮೇಲೆ ಹಾಸಿಗೆಯಲ್ಲಿ ಮೊಬೈಲ್, ರಾತ್ರಿ ಒಂದಾದರೂ ಬಿಡುವುದಿಲ್ಲ. ತಾಯಿ ಬೈದಳು. ತಂದೆ ಕಸಿದುಕೊಂಡ. "ಯಾರ ಜೊತಿ ಮಾತಾಡ್ತಾಳೋ ಏನೋ, ಓದಿದ್ದು ಸಾಕು, ಗಂಡು ನೋಡೂಣು" ಎಂಬಲ್ಲಿಗೆ ಮಾತು ಹೋಯಿತು. ಮಗ ಹೀಗೆ ಮಾಡಿದ್ದರೆ ಯಾರೂ ಮದುವೆಯ ಮಾತು ತೆಗೆಯುತ್ತಿರಲಿಲ್ಲ, ಅದನ್ನೂ ನೆನಪಿಡಿ.

ನಾನು ಆ ಹುಡುಗಿಯ ಜೊತೆ ಕುಳಿತೆ. ಮೊಬೈಲಿನ ಮಾತೇ ಎತ್ತಲಿಲ್ಲ. "ನಿದ್ದಿ ಬರ್ತದೇನವ್ವಾ?" ಎಂದು ಕೇಳಿದೆ. ಅತ್ತುಬಿಟ್ಟಳು. ಎರಡು ವಿಷಯಗಳಲ್ಲಿ ಫೇಲಾಗಿದ್ದಳು, ಮನೆಯಲ್ಲಿ ಹೇಳಿರಲಿಲ್ಲ. ದೀಪ ಆರಿಸಿದರೆ ಅದೇ ಚಿಂತೆ. ಮೊಬೈಲ್ ನೋಡುವಷ್ಟು ಹೊತ್ತು ಚಿಂತೆ ಮರೆಯುತ್ತದೆ. ಮರುದಿನ ಕ್ಲಾಸಿನಲ್ಲಿ ತೂಕಡಿಕೆ, ಓದಿದ್ದು ತಲೆಗೆ ಹತ್ತುವುದಿಲ್ಲ, ರಾತ್ರಿ ಮತ್ತೆ ಅದೇ.

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನ ಮಾಡಿದ್ದಾರೆ. 2013ರಲ್ಲಿ ದಕ್ಷಿಣ ಕೊರಿಯಾದವರು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಮೊಬೈಲಿನಿಂದ ಕೆಲಸ ತಪ್ಪುತ್ತದೆಯೇ, ಕೈ-ಕುತ್ತಿಗೆ ನೋಯುತ್ತದೆಯೇ, ಅದು ಕೈಯಲ್ಲಿಲ್ಲದಿದ್ದರೆ ತಡೆಯಲಾಗುವುದಿಲ್ಲವೇ, ಹೀಗೆ. ಇನ್ನೊಂದು ಹಳೆಯದು, ಬ್ರಿಟನ್ನಿನ ಮನೋವೈದ್ಯ ಡೇವಿಡ್ ಗೋಲ್ಡ್‌ಬರ್ಗ್ 1970ರ ದಶಕದಲ್ಲಿ ಮಾಡಿದ ಆರೋಗ್ಯದ ಪ್ರಶ್ನಾವಳಿ. ಅದು ಚಿಂತೆಯಿಂದ ನಿದ್ದೆ ಕೆಟ್ಟಿದೆಯೇ, ಮನಸ್ಸು ನಿಲ್ಲುತ್ತದೆಯೇ ಎಂದು ಕೇಳುತ್ತದೆ. ಮೊಬೈಲಿಗೆ ಹೆಚ್ಚು ಅಂಟಿಕೊಂಡವರಲ್ಲಿ ನಿದ್ದೆಗೇಡು, ಆತಂಕ ಹೆಚ್ಚು ಎಂದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಯಾವುದು ಮೊದಲು? ಹೆಚ್ಚಿನವು ಒಂದೇ ಸಲ ಕೇಳಿ ಬರೆದುಕೊಂಡವು, ಅದನ್ನು ಹೇಳಲಾರವು. ಆದ್ದರಿಂದ ಮಗುವಿಗೆ "ಮೊಬೈಲ್ ಹುಚ್ಚು" ಎಂದು ಹೆಸರಿಡುವ ಮೊದಲು ನಿದ್ದೆ, ಊಟ, ಓದು ಹೇಗಿದೆ ಎಂದು ಕೇಳ್ರಿ. ಕೇಳುವಾಗ ನಿಮ್ಮ ಕೈಯಲ್ಲೂ ಮೊಬೈಲ್ ಬೇಡ. ಧಾರಾವಾಹಿ ನೋಡುವುದು ನಾವೂ ಅಲ್ಲವೇ? ನಾನೇ ಊಟದ ಹೊತ್ತಿಗೆ ವಾಟ್ಸಾಪ್ ತೆಗೆದು ನಮ್ಮ ಸಿಸ್ಟರ್‌ಗಳಿಂದ ಬೈಸಿಕೊಂಡಿದ್ದೇನೆ.

ರಾತ್ರಿ ಮನೆಯವರೆಲ್ಲರ ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗಿರಲಿ. ಎಬ್ಬಿಸಲು ಒಂದು ಅಲಾರಾಂ ಗಡಿಯಾರ ಸಾಕು. ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಕಾಲೇಜು ಬೇಡವೆಂದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್. ಉಚಿತ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. "ಸಾಯಬೇಕು" ಎಂಬ ಮಾತು ಬಾಯಲ್ಲಿ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಲಬುರಗಿಯ ಜಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ.

ಆ ಹುಡುಗಿ ಎರಡೂ ವಿಷಯಗಳಿಗೆ ಮತ್ತೆ ಪರೀಕ್ಷೆ ಕಟ್ಟಿದ್ದಾಳೆ. ಗಂಡು ನೋಡುವ ಮಾತು ಸದ್ಯಕ್ಕೆ ನಿಂತಿದೆ. ಮೊಬೈಲ್ ವಾಪಸು ಸಿಕ್ಕಿದೆ, ರಾತ್ರಿ ಹತ್ತಕ್ಕೆ ಹಿಟ್ಟಿನ ಡಬ್ಬಿಯ ಪಕ್ಕಕ್ಕೆ ಹೋಗುತ್ತದೆ. ತಂದೆಯದೂ ಅಲ್ಲೇ, ಗೊಣಗಿಕೊಂಡೇ ಇಡುತ್ತಾನಂತೆ.