ಬರ್ಲಿ, ಬರ್ಲಿ, ಹೋಲ್ಡಾನ್!

(ಸಂತ ಕ್ರಿಸ್ಟೋಫರರ ಹಬ್ಬದಂದು, ವಾಹನಗಳ ಆಶೀರ್ವಾದಕ್ಕೆ ಮುನ್ನ ನೀಡಿದ ಪ್ರಬೋಧನೆ)



ಇಂದು ಜುಲೈ 25. ದೇವಾಲಯದ ಅಂಗಳದಲ್ಲಿ ಬೈಕು, ಆಟೊ, ಕಾರು, ಒಂದೆರಡು ಟ್ರ್ಯಾಕ್ಟರು ಹಾರ ಹಾಕಿಕೊಂಡು ಸಾಲಾಗಿ ನಿಂತಿವೆ. ಜನರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದ ಸಂತ ಕ್ರಿಸ್ಟೋಫರರ ಕಥೆ ನಿಮಗೆಲ್ಲ ಗೊತ್ತು. ಒಂದು ದಿನ ಪುಟ್ಟ ಮಗುವೊಂದನ್ನು ಹೊತ್ತಾಗ ನಡುಹೊಳೆಯಲ್ಲಿ ಭಾರ ತಾಳಲಾರದೆ ತತ್ತರಿಸಿದರು. ಆ ಮಗುವೇ ಯೇಸುಸ್ವಾಮಿ. "1969ರಲ್ಲಿ ಅವರನ್ನು ಸಂತರ ಪಟ್ಟಿಯಿಂದಲೇ ತೆಗೆದರಂತಲ್ಲ ಫಾದರ್?" ಎಂದು ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ. ಹಾಗೇನಿಲ್ಲ. ವಿಶ್ವ ಧರ್ಮಸಭೆಯ ಹಬ್ಬಗಳ ಪಟ್ಟಿಯಿಂದ ಕೈಬಿಟ್ಟರು, ಅಷ್ಟೆ. ಆಯಾ ಊರಿನಲ್ಲಿ ಆಚರಿಸಲು ಅಡ್ಡಿಯಿಲ್ಲ.

ಇಂದು ನಾವು ಹೇಳಬೇಕೆಂದಿರುವುದು ಬೇರೊಂದು ದಾರಿಯ ಕಥೆ. 2012ರಲ್ಲಿ ಒಮಾನ್ ದೇಶದ ಮಸ್ಕತ್‌ನಲ್ಲಿದ್ದ ನಮ್ಮ ತಮ್ಮನ ಮನೆಗೆ ಹೋಗಿದ್ದೆವು. ಹೋಗಲು ಮನಸ್ಸಿರಲಿಲ್ಲ, ತಮ್ಮನ ಹೆಂಡತಿ ಮೇಲಿಂದ ಮೇಲೆ ಫೋನ್ ಮಾಡಿ ಕರೆಸಿಕೊಂಡಿದ್ದಳು. ನಾಲ್ಕು ವರ್ಷಗಳ ಹಿಂದೆ ಅಮ್ಮ ತೀರಿಕೊಂಡಾಗ ತಮ್ಮನಿಗೆ ರಜೆ ಸಿಗದೆ ಮಣ್ಣಿಗೆ ಬರಲಾಗಿರಲಿಲ್ಲ. ಮೂರನೆಯ ದಿನ ಬಂದವನಿಗೆ, ನೆಂಟರೆಲ್ಲರ ಎದುರು, "ದುಡ್ಡು ಕಳಿಸಿದ ಮಾತ್ರಕ್ಕೆ ಮಗ ಆಗೋದಿಲ್ಲ" ಎಂದುಬಿಟ್ಟಿದ್ದೆವು. ಅಂದಿನಿಂದ ಅವನು ನಮ್ಮನ್ನು 'ಅಣ್ಣ' ಎನ್ನಲಿಲ್ಲ. ಊರವರಂತೆ 'ಫಾದರ್' ಎನ್ನುತ್ತಿದ್ದ.

ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಪ್ರಭು ಹೇಳಿದ್ದಾರೆ. ನಾವು ನಾಲ್ಕು ವರ್ಷ, ಪ್ರತಿದಿನ, ಅದೇ ಪೀಠದ ಮುಂದೆ ನಿಂತು ಬಲಿಪೂಜೆ ಅರ್ಪಿಸಿದೆವು. ನಿಮಗೆ ಇದರ ಬಗ್ಗೆ ಪ್ರಬೋಧನೆಯನ್ನೂ ಮಾಡಿದೆವು!

ಆಗ ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಗುರುವಾರ ಬೆಳಗ್ಗೆ ತಮ್ಮ ಜೀಪಿನಂಥ ದೊಡ್ಡ ಗಾಡಿ ತೆಗೆದ. ನಿಜ್ವಾ ದಾರಿ ಹಿಡಿದು ಅಲ್ ಹಮ್ರಾ ಮುಟ್ಟಿ, ಅಲ್ಲಿಂದ ಹಜರ್ ಬೆಟ್ಟ ಹತ್ತಿದೆವು. ಅರಬ್ಬೀ ಭಾಷೆಯಲ್ಲಿ ಹಜರ್ ಅಂದರೆ ಕಲ್ಲು. ಹೆಸರಿಗೆ ತಕ್ಕ ಬೆಟ್ಟ. ಮರುಭೂಮಿಯ ದೇಶದಲ್ಲಿ ಕಾಡೆಲ್ಲಿ ಎಂದು ನೀವು ಕೇಳಬಹುದು. ನಮ್ಮ ಮಲೆನಾಡಿನಂಥ ಕಾಡಲ್ಲ. ಸುಮಾರು 2,000 ಮೀಟರ್ ಎತ್ತರದ ಮೇಲೆ, ಬಂಡೆಯ ಬಿರುಕುಗಳಲ್ಲಿ ಬೇರಿಳಿಸಿಕೊಂಡು, ಒಂದಕ್ಕೊಂದು ದೂರ ದೂರ ನಿಂತ ಜೂನಿಪರ್ ಮರಗಳು, ನಡುನಡುವೆ ಕಾಡು ಆಲಿವ್. ಕೆಳಗಿನ ಸೆಖೆ ಅಲ್ಲಿಲ್ಲ. ಜೂನಿಪರ್ ಬಹಳ ನಿಧಾನವಾಗಿ ಬೆಳೆಯುವ ಮರ. ಬೊಡ್ಡೆ ತಿರುಚಿಕೊಂಡು, ಅರ್ಧ ಒಣಗಿ, ಇನ್ನರ್ಧ ಹಸಿರಾಗಿ ಇರುತ್ತದೆ.

ಶರಫ್ ಅಲ್ ಅಲಮೈನ್ ಎಂಬ ನೆತ್ತಿಯ ತನಕ ಡಾಂಬರು ರಸ್ತೆಯಿತ್ತು. ಅಲ್ಲಿಂದಾಚೆ ಹಾಟ್ ಎಂಬ ಹಳ್ಳಿಯ ಕಡೆಗೆ ಅಂದು ಬರೀ ಕಲ್ಲುಮಣ್ಣಿನ ಇಳಿಜಾರು, ಒಂದು ಗಾಡಿಯ ಅಗಲ, ತಿರುವಿನ ಮೇಲೆ ತಿರುವು. ತಮ್ಮ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗೇರಿನ ಅತಿ ನಿಧಾನದ ಹಲ್ಲಿಗೆ ಹಾಕಿದ. ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತಿದ್ದರೆ ಅದು ಕಾದು ಹಿಡಿತ ಬಿಡುತ್ತದೆ. ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯಬೇಕು. ನಮ್ಮ ಘಾಟಿಗಳಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಶೂರರು ಇದನ್ನು ಕೇಳಿಸಿಕೊಳ್ಳಲಿ.

ಒಂದು ತಿರುವಿನಲ್ಲಿ ಕೆಳಗಿನಿಂದ ಇನ್ನೊಂದು ಗಾಡಿ ಎದುರಾಯಿತು. ಬೆಟ್ಟದ ದಾರಿಯಲ್ಲಿ ಹತ್ತುವವರಿಗೆ ದಾರಿ ಬಿಡುವುದು ರೂಢಿ. ಅಂದರೆ ನಾವೇ ಹಿಂದಕ್ಕೆ, ಮೇಲಕ್ಕೆ, ಅಗಲ ಇರುವಲ್ಲಿಯವರೆಗೆ ಹೋಗಬೇಕು. ಆ ದೇಶದಲ್ಲಿ ಸ್ಟೀರಿಂಗ್ ಎಡಕ್ಕೆ. ಪ್ರಪಾತ ಇದ್ದದ್ದು ಬಲಕ್ಕೆ. ತಮ್ಮನಿಗೆ ಆ ಅಂಚು ಕಾಣುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಜಪಸರ ಹಿಡಿದಿದ್ದಳು, ಮಗ ಅಳುತ್ತಿದ್ದ. ಯಾರಾದರೂ ಇಳಿಯಲೇಬೇಕಿತ್ತು. ನಾವು ಇಳಿದೆವು.

ಲಾರಿ ಕ್ಲೀನರ್‌ಗಳನ್ನು ನೋಡಿದ್ದೀರಲ್ಲ? "ಬರ್ಲಿ, ಬರ್ಲಿ, ಹೋಲ್ಡಾನ್!" ಅದೇ ಕೆಲಸ. ಹಿಂದಿನ ಬಲಚಕ್ರದ ಪಕ್ಕ ನಿಂತು ಕೈ ಆಡಿಸಿದೆವು. ಚಕ್ರಕ್ಕೂ ಅಂಚಿಗೂ ನಡುವೆ ಎರಡು ಗೇಣು ಇತ್ತೋ ಇಲ್ಲವೋ. ಕಲ್ಲುಗಳು ಜಾರಿ ಕೆಳಗೆ ಬೀಳುತ್ತಿದ್ದವು, ನೆಲ ಮುಟ್ಟಿದ ಸದ್ದು ಕೇಳುತ್ತಿರಲಿಲ್ಲ. ತಮ್ಮ ಕನ್ನಡಿಯಲ್ಲಿ ನಮ್ಮ ಕೈಯನ್ನು ಮಾತ್ರ ನೋಡುತ್ತಿದ್ದ. ಒಮ್ಮೆ ಗಾಡಿ ನಿಲ್ಲಿಸಿ ಕೂಗಿದ: "ಅಣ್ಣಾ, ಜಾಗ ಇದೆಯಾ?"

ನಮಗೆ ತಕ್ಷಣ ಉತ್ತರ ಹೊರಡಲಿಲ್ಲ. ಅವನು ಮತ್ತೆ ಕೂಗಿದ. "ಇದೆ, ಬಾ" ಎಂದೆವು.

ಎದುರಿನ ಗಾಡಿಯವರು ದಾಟುವಾಗ ಕೈಯೆತ್ತಿ ಸಲಾಂ ಹೇಳಿ ಹೋದರು. ಆಮೇಲೆ ಹಾಟ್ ದಾಟಿ ಬಿಲಾದ್ ಸೈತ್ ಹಳ್ಳಿಯ ಹತ್ತಿರ ನಿಂತೆವು. ಬೆಟ್ಟದ ಮಡಿಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ, ಖರ್ಜೂರದ ತೋಟ, ಅವಕ್ಕೆ ನೀರು ತರುವ ಸಣ್ಣ ಕಾಲುವೆ. ಅದರ ಬದಿಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ತಮ್ಮ ಬಹಳ ಹೊತ್ತು ಊಟ ಮುಟ್ಟಲಿಲ್ಲ. ಕೊನೆಗೆ ಕೇಳಿದ: "ಅಮ್ಮನನ್ನ ಮಣ್ಣು ಮಾಡಿದ ದಿನ ಮಳೆ ಇತ್ತಾ ಅಣ್ಣಾ?"

ಇತ್ತು. ಗೋರಿಯ ಬಳಿ ಕೊಡೆ ಹಿಡಿದವರು ಯಾರು, ಅಮ್ಮನಿಗೆ ಉಡಿಸಿದ ಸೀರೆ ಯಾವುದು, ಕೊನೆಯ ವಾರ ಎಷ್ಟು ಸಲ ಅವನ ಹೆಸರು ಕರೆದಳು, ಎಲ್ಲ ಹೇಳಿದೆವು. ನಾಲ್ಕು ವರ್ಷ ಹಿಂದೆಯೇ ಹೇಳಬೇಕಾದದ್ದು. ನಾವು ಆಡಿದ ಮಾತಿಗೆ ಅವನ ಹೆಂಡತಿ ಮಗನ ಎದುರೇ ಕ್ಷಮೆ ಕೇಳಿದೆವು. ನೆಂಟರ ಎದುರು ಆಡಿದ ಮಾತಲ್ಲವೇ.

ಮರುದಿನ ಶುಕ್ರವಾರ, ಸುಲ್ತಾನ್ ಕಾಬೂಸರು ಕೊಟ್ಟ ಜಾಗದಲ್ಲಿ ಕಟ್ಟಿದ ರೂವಿಯ ಸಂತ ಪೇತ್ರ ಪೌಲರ ದೇವಾಲಯದಲ್ಲಿ ಬಲಿಪೂಜೆಯಲ್ಲಿ ಪಾಲ್ಗೊಂಡೆವು. ತಮ್ಮ ಮುಂದಿನ ಸಾಲಿನಲ್ಲೇ ಕುಳಿತಿದ್ದ.

ಬನ್ನಿ, ಅಂಗಳಕ್ಕೆ ಹೋಗೋಣ. ಮೊದಲು ಬೈಕುಗಳು, ಆಮೇಲೆ ಆಟೊ, ಕಾರು. ತೀರ್ಥ ಚಿಮುಕಿಸುವಾಗ ಇಂಜಿನ್ ಆಫ್ ಇರಲಿ. ಹೊರಡುವಾಗ ಗಾಡಿಗಳ ಹಿಂದೆ ಮಕ್ಕಳಿರುತ್ತಾರೆ. ಪ್ರತಿ ಗಾಡಿಯಿಂದ ಒಬ್ಬರು ಇಳಿದು ಕೈ ತೋರಿಸಿ.